ಸಹಾಯ ಬೇಕು: ಮಾರ್ಕೋನಹಳ್ಳಿ ಹಿನ್ನೀರಿಗೆ ಯಾವ ಅಲ್ಯೂಮಿನಿಯಂ ದೋಣಿ?

ನಮಸ್ಕಾರ. ನಾವು ಕುಣಿಗಲ್ ಕಡೆಯವರು. ಮಾರ್ಕೋನಹಳ್ಳಿ ಡ್ಯಾಮಿನಲ್ಲಿ ಅಣ್ಣನೂ ನಾನೂ ಹರಿಗೋಲಲ್ಲೇ ಮೀನು ಹಿಡಿಯೋದು. ಅಣ್ಣನಿಗೆ ಭುಜ ನೋವು, ಹುಟ್ಟು ಹಾಕೋಕಾಗ್ತಿಲ್ಲ. ಅದಕ್ಕೆ ಮೋಟಾರ್ ಕಟ್ಟೋ ಹಳೇ ದೋಣಿ ಎರಡು ನೋಡಿದ್ದೀವಿ. ಎರಡೂ 12 ಅಡಿ, ರೇಟೂ ಹೆಚ್ಚುಕಮ್ಮಿ ಒಂದೇ.

ಒಂದು ರಿವೆಟ್ ಹೊಡೆದದ್ದು, ಚಪ್ಪಟೆ ತಳ. ಬಲೆ ಎಳೆಯುವಾಗ ಅಷ್ಟಾಗಿ ಅಲ್ಲಾಡಲ್ಲ. ಆದರೆ ಒಳಗೆ ನೀರು ತುಂಬಿಸಿ ನೋಡಿದಾಗ ಹಿಂಬದಿ ಮೂರು ರಿವೆಟ್ ಹತ್ತಿರ ಹನಿ ಜಿನುಗಿತು.

ಇನ್ನೊಂದು ಪೂರ್ತಿ ವೆಲ್ಡಿಂಗ್, ‘ವಿ’ ಆಕಾರದ ತಳ. ಗಾಳಿ ಎದ್ದಾಗ ಅಲೆ ಸೀಳಿಕೊಂಡು ಹೋಗುತ್ತೆ, ಭಾರ ಜಾಸ್ತಿ. ಮೋಟಾರ್ ಕೂರಿಸೋ ಹಲಗೆ 20 ಇಂಚು ಎತ್ತರ, ನಮಗೆ ಸಿಕ್ಕಿರೋ ಮೋಟಾರಿನ ಶಾಫ್ಟ್ (ಹಲಗೆಯಿಂದ ನೀರಿಗೆ ಇಳಿಯೋ ಭಾಗ) 15 ಇಂಚು. ಅದರ ತುದಿಯ ಫ್ಯಾನ್ ನೀರಲ್ಲಿ ಸರಿಯಾಗಿ ಮುಳುಗಲ್ಲ ಅಲ್ವಾ? ಹಲಗೆ ಕತ್ತರಿಸಿ ತಗ್ಗಿಸೋಕೆ ನನಗೆ ಧೈರ್ಯ ಇಲ್ಲ.

ರಿವೆಟ್ ಮತ್ತೆ ಬಿಗಿ ಮಾಡಿಸಿದರೆ ನಿಲ್ಲುತ್ತಾ? ಓಡಿಸಿ ಅನುಭವ ಇರೋರು ದಯವಿಟ್ಟು ಹೇಳಿ. ಭಾನುವಾರ ಮುಂಗಡ ಕೊಡಬೇಕು.