ಮಗುವಿನ ಕಣ್ಣಿನ ಕ್ಯಾನ್ಸರ್: ಜೀನ್ ಸಂಶೋಧನೆಗೆ ರಕ್ತ ಕೊಡಬೇಕಾ?

ಕೇಳಿದವರು, ಕಲಬುರಗಿ: ಅಕ್ಕನ ಮಗನಿಗೆ ಎರಡೂ ಕಣ್ಣಲ್ಲಿ ರೆಟಿನೋಬ್ಲಾಸ್ಟೋಮಾ. ಹೈದರಾಬಾದಿನಲ್ಲಿ ಚಿಕಿತ್ಸೆ ನಡೆದಿದೆ. ಈಗ ಮಗುವಿನದು, ಅಪ್ಪ-ಅಮ್ಮನದು ರಕ್ತ ಜೀನ್ ಸಂಶೋಧನೆಗೆ ಕೊಡ್ತೀರಾ ಅಂತ ಕೇಳಿದ್ದಾರೆ. ಅಕ್ಕನನ್ನು ಸೋದರಮಾವನಿಗೇ ಕೊಟ್ಟದ್ದು. "ಸಂಬಂಧದಾಗ ಮಾಡಿದ್ದಕ್ಕೇ ಹಿಂಗಾಯ್ತು, ರಕ್ತ ಕೊಟ್ಟು ಊರಿಗೆಲ್ಲ ಸಾರಬ್ಯಾಡ್ರಿ" ಅಂತ ಅಜ್ಜಿ ಹಟ ಹಿಡಿದಿದ್ದಾರೆ. ಅನುಭವ ಇದ್ದವರು ಹೇಳಿ.

ಬೀದರ್‌ನ ಒಬ್ಬ ತಾಯಿ: ನಮ್ಮ ಮಗಳಿಗೂ ಇದೇ ಆಗಿತ್ತು, ಈಗ ಶಾಲೆಗೆ ಹೋಗುತ್ತಾಳೆ. ತಮ್ಮಾ, ಮೊದಲು ಇದು ಟೆಸ್ಟಾ, ರಿಸರ್ಚಾ ಅಂತ ಬಾಯಿಬಿಟ್ಟು ಕೇಳು. ಟೆಸ್ಟ್ ಆದರೆ ರಿಪೋರ್ಟ್ ಕೈಗೆ ಬರುತ್ತದೆ. ರಿಸರ್ಚ್ ಆದರೆ ಎಷ್ಟೋ ಸಲ ಬರುವುದೇ ಇಲ್ಲ. ನಿಮಗೆ ಟೆಸ್ಟ್ ಬೇಕೇ ಬೇಕು, ಯಾಕಂದರೆ ಎರಡೂ ಕಣ್ಣಲ್ಲಿ ಬಂದಿದೆ ಅಂದರೆ ಆರ್‌ಬಿ1 ಅನ್ನೋ ಜೀನ್‌ನಲ್ಲಿನ ದೋಷ ಮೈಯ ಎಲ್ಲ ಜೀವಕೋಶಗಳಲ್ಲೂ ಇರುವ ಸಾಧ್ಯತೆಯೇ ಜಾಸ್ತಿ, ಅಂಥ ಮಕ್ಕಳಿಗೆ ಮುಂದೆ ಮೂಳೆ ಕ್ಯಾನ್ಸರ್ ಬರುವ ಭಯವೂ ಇರುತ್ತದೆ, ಅದಕ್ಕೇ ಡಾಕ್ಟರು ರೇಡಿಯೇಷನ್ ಆದಷ್ಟೂ ತಪ್ಪಿಸುತ್ತಾರೆ. ಎರಡನೇ ಮಗು ಆದರೆ ಹುಟ್ಟಿದ ಕೂಡಲೇ ಕಣ್ಣು ತೋರಿಸಬೇಕಾ, ಬೇಡವಾ ಅನ್ನೋದೂ ಇದರಿಂದಲೇ ಗೊತ್ತಾಗುತ್ತದೆ.

ಕಲಬುರಗಿಯಲ್ಲಿ ಪೆಥಾಲಜಿ ಕಲಿಸುವವರು: ಅಜ್ಜಿಗೆ ಸಮಾಧಾನ ಹೇಳಿ. ಸಂಬಂಧದಲ್ಲಿ ಮದುವೆಯಾದರೆ ಬರುವ ಕಾಯಿಲೆಗಳು ಬೇರೆ ಇವೆ, ಅವಕ್ಕೆ ಅಪ್ಪ-ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಇಲ್ಲಿ ಹಾಗಲ್ಲ, ಹುಟ್ಟುವಾಗ ಜೀನ್‌ನ ಒಂದು ಪ್ರತಿ ಕೆಟ್ಟಿದ್ದರೆ ಸಾಕು, ಇನ್ನೊಂದು ಆಮೇಲೆ ಕಣ್ಣಲ್ಲೇ ಕೆಡುತ್ತದೆ. ಬಹಳಷ್ಟು ಮಕ್ಕಳಲ್ಲಿ ಇದು ಹೊಸದಾಗಿ ಆದ ದೋಷ, ಹೆತ್ತವರ ರಕ್ತದಲ್ಲಿ ಸಿಗುವುದೇ ಇಲ್ಲ. ಅಜ್ಜಿಯ ಮಾತು ಸುಳ್ಳು ಅಂತ ತೋರಿಸುವುದಕ್ಕೂ ಆ ರಕ್ತವೇ ಬೇಕಲ್ವಾ!

ಇನ್ನೊಂದು. 1971ರಲ್ಲಿ ಅಮೆರಿಕದ ಡಾಕ್ಟರ್ ಆಲ್‌ಫ್ರೆಡ್ ನಡ್ಸನ್ ಇದೇ ಕಾಯಿಲೆಯ ಬರೀ 48 ರೋಗಿಗಳ ದಾಖಲೆ ನೋಡಿ, ಜೀನ್‌ನ ಎರಡು ಪ್ರತಿಗಳೂ ಕೆಟ್ಟರೆ ಗಡ್ಡೆ ಅಂತ ಲೆಕ್ಕ ಹಾಕಿದರು. ಆ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ. ಅಪರೂಪದ ಕ್ಯಾನ್ಸರ್‌ನಲ್ಲಿ ಒಂದೊಂದು ಮನೆಯ ರಕ್ತಕ್ಕೂ ಅಷ್ಟು ಬೆಲೆ. ಅದೂ ಜಗತ್ತಿನ ಜೀನ್ ದಾಖಲೆಗಳಲ್ಲಿ ನಮ್ಮವರು ತೀರಾ ಕಡಿಮೆ, ಹಾಗಾಗಿ ನಮ್ಮವರ ರಿಪೋರ್ಟ್‌ನಲ್ಲಿ "ಈ ಬದಲಾವಣೆಯ ಅರ್ಥ ಸ್ಪಷ್ಟವಿಲ್ಲ" ಅಂತ ಬರುವುದು ಜಾಸ್ತಿ. ಬಂದರೆ ಹೆದರಬೇಡಿ, ಅದು ಕೆಟ್ಟ ಸುದ್ದಿ ಅಲ್ಲ.

ಸುರಪುರದಿಂದ: ನನ್ನದು ದೊಡ್ಡವರ ಕೇಸು, ತೊಡೆಯಲ್ಲಿ ಯೂಯಿಂಗ್ ಸಾರ್ಕೋಮಾ ಅನ್ನೋ ಬೇರೆ ಕ್ಯಾನ್ಸರ್. ನನ್ನ ಜೀನ್ ಬದಲಾವಣೆ ಗಡ್ಡೆಯಲ್ಲಿ ಮಾತ್ರ, ಮಕ್ಕಳಿಗೆ ಹೋಗಲ್ಲ. ಇದನ್ನು ತಿಳಿಯುವವರೆಗೆ ಹೆಂಡತಿ ನಿದ್ದೆ ಮಾಡಲಿಲ್ಲ. ಆಪರೇಷನ್ ಆಗಿ ಗಡ್ಡೆ ತೆಗೆದಿದ್ದರೆ ಅದರ ತುಣುಕು ಇಟ್ಟ ಮೇಣದ ಬ್ಲಾಕ್ ಎಲ್ಲಿದೆ ಅಂತ ಬರೆದಿಟ್ಟುಕೊಳ್ಳಿ. ನನ್ನದನ್ನು ವಾಪಸ್ ಕೊಡಲು ಒಂದು ಲ್ಯಾಬ್‌ನವರು ಸುಮ್ನೆ ಸತಾಯಿಸಿದರು.

ಕೇಳಿದವರು: ಫಾರಂ ಇಂಗ್ಲಿಷ್, ತೆಲುಗಲ್ಲಿದೆ. ಅಕ್ಕನಿಗೆ ಎರಡೂ ಬರಲ್ಲ.

ಬೀದರ್‌ನ ತಾಯಿ: ಕನ್ನಡದಲ್ಲಿ ಓದಿ ಹೇಳಿ ಅನ್ನು, ಹೇಳಲೇಬೇಕು. ಆಮೇಲೇ ಸಹಿ. ನಡುವೆ ಬೇಡ ಅನಿಸಿದರೆ ಹೊರಗೆ ಬರಬಹುದು, ಅದಕ್ಕಾಗಿ ಮಗುವಿನ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಫಾರಂನ ಒಂದು ಪ್ರತಿ ಇಸಿದುಕೊಂಡು ಬಾ.