ಅರ್ಜಿ ಹಾಕಿದವನು, ಹಾಕದವನು: ಯೋಚನೆಯಿಂದ ಬದುಕು ಬದಲಾಗುತ್ತದಾ?

ತುಂಗಾತೀರ:
ನಾನು ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವವನು. ಒಂದು ಮಾತು ನೇರವಾಗಿ ಇಡುತ್ತೇನೆ, ಒಪ್ಪದವರು ಕಾರಣ ಕೊಡಿ. ಮನಸ್ಸಿನಲ್ಲಿ ದಿನಾ ಯಾವ ಯೋಚನೆ ಓಡುತ್ತದೋ ಅದೇ ಕೊನೆಗೆ ನಮ್ಮ ಗುಣವಾಗುತ್ತದೆ. ಆ ಗುಣದಂತೆ ಬದುಕು. ಪರಿಸ್ಥಿತಿ ಎಲ್ಲ ಆಮೇಲಿನದು. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬ ‘ನನಗೆ ಲೆಕ್ಕ ಹತ್ತಲ್ಲ’ ಅಂತ ಹೈಸ್ಕೂಲಿನಲ್ಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾನೆ. ತಪ್ಪಾದ ಲೆಕ್ಕವನ್ನು ಅವನು ಮತ್ತೆ ತೆಗೆದು ನೋಡುವುದಿಲ್ಲ, ನೋಡದ್ದಕ್ಕೆ ಮುಂದಿನ ಸಲವೂ ತಪ್ಪುತ್ತದೆ, ತಪ್ಪಿದಾಗೆಲ್ಲ ‘ನಾನು ಮೊದಲೇ ಹೇಳಿದ್ನಲ್ಲ’ ಅಂತ ಅವನ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಹೇಳುವುದೂ ಇದನ್ನೇ. ಬುದ್ಧಿ ಬೆಳೆಯುತ್ತದೆ ಅಂತ ನಂಬಿದ ಮಗು ಸೋತಾಗ ಇನ್ನೊಂದು ದಾರಿ ಹುಡುಕುತ್ತದೆ. ಬುದ್ಧಿ ಇಷ್ಟೇ ಅಂತ ನಂಬಿದ್ದು ಕೈಬಿಡುತ್ತದೆ.

ಹೊಸನಗರದ ರೈತ:
ಪರಿಸ್ಥಿತಿ ಆಮೇಲಿನದಾ? ಮೇಷ್ಟ್ರೇ, ಒಂದು ಮಳೆಗಾಲ ನಮ್ಮ ಕಡೆ ಬಂದು ಇದ್ದು ನೋಡಿ. ಅಡಿಕೆಗೆ ಕೊಳೆ ರೋಗ ಬರುವಾಗ ತೋಟದವನ ಯೋಚನೆ ಒಳ್ಳೆಯದಾ ಕೆಟ್ಟದಾ ಅಂತ ಕೇಳಿಕೊಂಡು ಬರಲ್ಲ. ಎಲೆಚುಕ್ಕಿ ರೋಗ ಬಂದ ತೋಟಗಳಲ್ಲಿ ನಾನು ಕಂಡವರೆಲ್ಲ ಬೆಳಗ್ಗೆ ಬೇಗ ಎದ್ದು ದುಡಿಯುವವರೇ.

ತುಂಗಾತೀರ:
ಕೊಳೆಯ ವಿಷಯ ನೀವೇ ತೆಗೆದಿರಿ, ಒಳ್ಳೆಯದಾಯಿತು. ಮಳೆ ಹಿಡಿಯುವ ಮುಂಚೆ ಮೈಲುತುತ್ತ, ಸುಣ್ಣ ಕಲಸಿದ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಸಬೇಕು, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಇದು ಎಲ್ಲರಿಗೂ ಗೊತ್ತು. ಆದರೂ ‘ನೋಡೋಣ, ಇನ್ನೂ ಮಳೆ ದೂರ ಇದೆ’ ಅನ್ನುವವರು ಇರುತ್ತಾರೆ. ಆ ‘ನೋಡೋಣ’ ಯೋಚನೆಯೇ ಅಲ್ವಾ?

ಹೊಸನಗರದ ರೈತ:
‘ನೋಡೋಣ’ ಅನ್ನುವುದು ಸೋಮಾರಿತನಕ್ಕಲ್ಲ. ಮರ ಹತ್ತುವ ಕೊನೆಗೌಡರು ಸಿಗುವುದಿಲ್ಲ. ಸಿಕ್ಕವರು ಮೊದಲು ದೊಡ್ಡ ತೋಟಕ್ಕೆ ಹೋಗುತ್ತಾರೆ, ಅಲ್ಲಿ ವಾರಗಟ್ಟಲೆ ಕೆಲಸ ಸಿಗುತ್ತದಲ್ಲ. ಅರ್ಧ ಎಕರೆಯವನ ಸರದಿ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಆಮೇಲೆ ಔಷಧಿ ಹೊಡೆಯಲು ಬಿಸಿಲು ಕಾಣಬೇಕು. ದೊಡ್ಡ ತೋಟದವನ ಯೋಚನೆಯೇ ಚೆನ್ನಾಗಿತ್ತು ಅಂತ ಹೇಳಿಬಿಟ್ಟರೆ ನಿಮಗೆ ಸುಲಭ.

ಮಲೆನಾಡ ಸೊಸೆ:
ನಾನು ಮನಶ್ಶಾಸ್ತ್ರ ಓದಿದವಳು, ಒಂದು ಪುರಾವೆ ಕೊಡುತ್ತೇನೆ. ಗ್ಯಾಬ್ರಿಯೆಲೆ ಓಟಿಂಗನ್ ಅಂತ ಮನಶ್ಶಾಸ್ತ್ರಜ್ಞೆ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಹೆಂಗಸರ ಮೇಲೆ ಅವರು ನಡೆಸಿದ ಅಧ್ಯಯನ 1991ರಲ್ಲಿ ಬಂತು. ತಾನು ಸಪೂರ ಆಗಿಬಿಟ್ಟಂತೆ, ಎಲ್ಲರೂ ಮೆಚ್ಚಿದಂತೆ ಚಂದದ ಕನಸು ಕಟ್ಟಿಕೊಂಡವರ ತೂಕ, ಅಂಥ ಕನಸು ಕಾಣದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿದಿತ್ತು. ಕನಸಿನಲ್ಲೇ ಫಲ ಸಿಕ್ಕಂತಾಗಿ ಮನಸ್ಸು ಸಡಿಲ ಬೀಳುತ್ತದೆ. ಒಳ್ಳೆಯದು ಯೋಚಿಸಿ, ಒಳ್ಳೆಯದಾಗುತ್ತದೆ ಅಂತ ಭಾಷಣ ಮಾಡುವವರು ಇದನ್ನು ಹೇಳುವುದೇ ಇಲ್ಲ.

ತುಂಗಾತೀರ:
ಅಕ್ಕ, ಅದೇ ಅಧ್ಯಯನದ ಇನ್ನರ್ಧ ಹೇಳಿ. ‘ನನ್ನಿಂದ ಇದು ಆಗುತ್ತದೆ’ ಅಂತ ಹಿಂದಿನ ಅನುಭವದ ಮೇಲೆ ನಂಬಿದ್ದವರ ತೂಕ ಜಾಸ್ತಿ ಇಳಿಯಿತು. ಅಂದರೆ ನಂಬಿಕೆ ಕೆಲಸ ಮಾಡಿತು. ನಾನು ಹಗಲುಗನಸು ಕಾಣಿ ಅಂತ ಎಲ್ಲಿ ಹೇಳಿದ್ದೇನೆ?

ಮಲೆನಾಡ ಸೊಸೆ:
‘ಹಿಂದಿನ ಅನುಭವದ ಮೇಲೆ’ ಅಂತ ನೀವೇ ಬರೆದಿದ್ದೀರಿ ನೋಡಿ. ಅನುಭವ ಮೊದಲು ಬಂತು, ನಂಬಿಕೆ ಆಮೇಲೆ.

ಭದ್ರಾವತಿ ಹುಡುಗ:
ನಮ್ಮ ಊರಿನಲ್ಲಿ ಕಾರ್ಖಾನೆ ಶಿಫ್ಟಿಗೆ ಒಂದು ನಿಮಿಷ ತಡವಾಗದೆ ಹೋದವರು, ಕುಡಿಯದವರು, ಸಾಲ ಮಾಡದವರು ಒಂದೇ ಒಂದು ತೀರ್ಮಾನದಲ್ಲಿ ಕೆಲಸ ಕಳೆದುಕೊಂಡು ಮನೆಗೆ ಬಂದರು. ಆ ತೀರ್ಮಾನ ಆದದ್ದು ಅವರು ಕಾಣದ ಊರಿನಲ್ಲಿ. ನಮ್ಮಪ್ಪನೂ ಅದರಲ್ಲಿ ಒಬ್ಬರು. ಅವರ ಗುಣಕ್ಕೆ ನಾನು ನೂರಕ್ಕೆ ನೂರು ಕೊಡುತ್ತೇನೆ. ಫಲ ಎಲ್ಲಿ?

ಕಾಗೋಡಿನ ಕಡೆಯವ:
ಎಲ್ಲರೂ ಒಬ್ಬೊಬ್ಬರ ಯೋಚನೆ ಬಗ್ಗೆ ಮಾತಾಡುತ್ತಿದ್ದೀರಿ. ಒಂದು ಊರೇ ಯೋಚನೆ ಬದಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಸಾಗರ ತಾಲ್ಲೂಕೇ ಸಾಕ್ಷಿ. ಬೇರೆಯವರ ಗದ್ದೆ ಉತ್ತವರು ಕೊಡಬೇಕಾದ ಗೇಣಿ ಭತ್ತ ಅಳೆದುಕೊಳ್ಳಲು ಜಮೀನಿನ ಒಡೆಯರು ಸರಿ ಅಳತೆಗಿಂತ ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಅಜ್ಜಂದಿರು, ಮುತ್ತಜ್ಜಂದಿರು ಅದೇ ಕೊಳಗದಲ್ಲಿ ಅಳೆದು ಕೊಟ್ಟು, ನಮ್ಮ ಹಣೆಬರಹ ಇಷ್ಟೇ ಅಂತ ಸುಮ್ನೆ ಮನೆಗೆ ಹೋಗುತ್ತಿದ್ದರು. ರೈತ ಮುಖಂಡ ಗಣಪತಿಯಪ್ಪನವರು ಅವರ ಜೊತೆ ಕೂತು ಮಾತಾಡಿ, ತಪ್ಪು ಹಣೆಬರಹದ್ದಲ್ಲ, ಕೊಳಗದ್ದು ಅಂತ ತಲೆಗೆ ಹೊಗಿಸಿದರು. 1951ರ ಏಪ್ರಿಲ್‌ನಲ್ಲಿ ಅದೇ ಜನ ಕಾಗೋಡು ಸತ್ಯಾಗ್ರಹಕ್ಕೆ ಇಳಿದರು, ಜೈಲಿಗೆ ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಇಲ್ಲಿ ಬಂಧನಕ್ಕೆ ಒಳಗಾದರು. ಹೊಲ ಅದೇ, ಬಡತನ ಅದೇ. ಬದಲಾದದ್ದು ತಲೆಯೊಳಗಿನದು.

ಹೊಸನಗರದ ರೈತ:
ಆಮೇಲೆ? 1951ರಲ್ಲಿ ಯೋಚನೆ ಬದಲಾಯಿತು ಅಂತೀರಿ. ಭೂಮಿ ಕೈಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ, ಉಳುವವನಿಗೇ ಭೂಮಿ ಅಂತ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ. ನಡುವೆ ಇಪ್ಪತ್ಮೂರು ವರ್ಷ ಆ ಬದಲಾದ ಯೋಚನೆ ಇಟ್ಟುಕೊಂಡೇ ಜನ ಗೇಣಿ ಅಳೆದರು. ಕಾನೂನು ಬಂತು, ಭೂಮಿ ಬಂತು.

ಕಾಗೋಡಿನ ಕಡೆಯವ:
ಕಾನೂನು ಆಕಾಶದಿಂದ ಬೀಳಲಿಲ್ಲ ಮಾರಾಯ್ರೆ. ಸತ್ಯಾಗ್ರಹದ ಮರುವರ್ಷವೇ, 1952ರ ಚುನಾವಣೆಯಲ್ಲಿ ಸಾಗರ-ಹೊಸನಗರದ ಜನ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಆರಿಸಿ ಕಳಿಸಿದರು. ಅದು ನಿಮ್ಮದೇ ಕ್ಷೇತ್ರ. ಒಡೆಯರ ಎದುರು ಕೂರಲು ಹೆದರುತ್ತಿದ್ದವರು ಹಾಕಿದ ಓಟು ಅದು. ಅವರು ಸಭೆಯಲ್ಲಿ ಆಡಿದ ಮಾತಿಗೂ ಮುಂದಿನ ಕಾನೂನಿಗೂ ಸಂಬಂಧವೇ ಇಲ್ಲ ಅಂತೀರಾ?

ಭದ್ರಾವತಿ ಹುಡುಗ:
ಓಟು ಕೊಟ್ಟದ್ದು ಸಂವಿಧಾನ. ಪ್ರತಿ ವಯಸ್ಕನಿಗೂ ಓಟು ಇಲ್ಲದಿದ್ದರೆ ಆ ಯೋಚನೆ ಎಲ್ಲಿ ಬೀಳುತ್ತಿತ್ತು?

ಕಾಗೋಡಿನ ಕಡೆಯವ:
ಸರಿ, ಕಾನೂನೇ ಎಲ್ಲ ಅನ್ನುವವರಿಗೆ ಇನ್ನೊಂದು ಲೆಕ್ಕ. ಉಳುವ ಭೂಮಿ ತನ್ನದಾಗಬೇಕಾದರೆ ಗೇಣಿದಾರ ತಾನಾಗಿ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು, ನಮ್ಮ ಕಡೆ ಡಿಕ್ಲರೇಷನ್ ಕೊಡುವುದು ಅನ್ನುತ್ತಿದ್ದರು. 1979ರ ಜೂನ್ 30ಕ್ಕೆ ಗಡುವು ಮುಗಿಯಿತು. ಅಕ್ಕಪಕ್ಕದ ಎರಡು ಮನೆ, ಒಬ್ಬರೇ ಒಡೆಯರು, ಒಂದೇ ಬಯಲಿನ ಗದ್ದೆ. ಒಬ್ಬ ಅರ್ಜಿ ಹಾಕಿದ, ಇವತ್ತು ಮೊಮ್ಮಕ್ಕಳು ಆ ಗದ್ದೆಯ ಮಾಲೀಕರು. ಇನ್ನೊಬ್ಬ ‘ಒಡೆಯರಿಗೆ ಎದುರು ಹೋಗುವುದು ಹೇಗೆ’ ಅಂತ ಕೂತ. ಅವನ ಮೊಮ್ಮಕ್ಕಳು ಕೂಲಿಗೆ ಹೋಗುತ್ತಾರೆ. ಕಾನೂನು ಒಂದೇ. ವ್ಯತ್ಯಾಸ ಎಲ್ಲಿತ್ತು? ನಮ್ಮ ಸೀಮೆಯ ಯಾವ ಊರಿನಲ್ಲಿ ಬೇಕಾದರೂ ಕೇಳಿ, ಇಂಥ ಎರಡು ಮನೆ ತೋರಿಸುತ್ತಾರೆ.

ಭದ್ರಾವತಿ ಹುಡುಗ:
‘ಅಂತ ಕೂತ’ ಅಂದಿರಲ್ಲ, ಹಾಗೆ ಕೂತವರು ನಮ್ಮ ತಾಯಿಯ ಅಪ್ಪ. ಸೊರಬದ ಕಡೆ. ಮಾತು ಸ್ವಲ್ಪ ನೋಡಿ ಆಡಿ. ಗೇಣಿ ಬಾಯಿಮಾತಿನದು, ಒಂದು ಚೀಟಿ ಇರಲಿಲ್ಲ. ಪಹಣಿಯ ಸಾಗುವಳಿ ಕಾಲಂನಲ್ಲಿ ಹೆಸರಿರಲಿಲ್ಲ, ಬರೆಯುವ ಶಾನುಭೋಗರು ಒಡೆಯರ ಜಗುಲಿಯಲ್ಲೇ ಕೂತು ಬರೆಯುತ್ತಿದ್ದ ಕಾಲ. ಕೂತಿದ್ದ ಮನೆಯೂ ಒಡೆಯರ ಜಾಗದಲ್ಲಿ. ಮಗಳ ಮದುವೆಗೆ ತಂದ ಸಾಲವೂ ಅಲ್ಲಿಯದೇ. ಅರ್ಜಿ ಹಾಕಿ ಸೋತರೆ ಮಳೆಗಾಲದಲ್ಲಿ ಹೆಂಡತಿ ಮಕ್ಕಳನ್ನು ಎಲ್ಲಿ ಇಡಬೇಕಿತ್ತು ಅವರು? ಇಷ್ಟನ್ನೂ ಬಿಟ್ಟು ಅವರ ಯೋಚನೆ ಸರಿಯಿರಲಿಲ್ಲ ಅಂತ ತೀರ್ಪು ಕೊಡುವವರನ್ನು ನಾನು ಒಪ್ಪಲ್ಲ. ಯಾವತ್ತೂ ಒಪ್ಪಲ್ಲ.

ಹಳೇಮನೆ ಜಗುಲಿ:
ಶಾನುಭೋಗರು ಒಡೆಯರ ಜಗುಲಿಯಲ್ಲಿ ಕೂತು ಬರೆದರು ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಒಡೆಯರೆಲ್ಲ ನೂರಾರು ಎಕರೆಯವರಲ್ಲ. ನಮ್ಮಜ್ಜಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಇದ್ದದ್ದು ಸ್ವಲ್ಪ ಗದ್ದೆ. ಉಳಲು ಗಂಡು ದಿಕ್ಕಿಲ್ಲ ಅಂತ ಗೇಣಿಗೆ ಕೊಟ್ಟಿದ್ದರು, ಅದಷ್ಟೂ ಹೋಯಿತು. ಅವರ ಯೋಚನೆಯಲ್ಲಿ ಏನು ಕೆಟ್ಟದಿತ್ತು? ಇನ್ನೊಂದು ಮಾತು. ಅರ್ಜಿ ಹಾಕದ ಗೇಣಿ ಒಕ್ಕಲು ನಮ್ಮಲ್ಲೂ ಒಬ್ಬರಿದ್ದರು. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಅವರು ಬಾಯಿ ಬಿಟ್ಟು ಹೇಳಿದ್ದನ್ನು ನಮ್ಮ ತಂದೆ ಕೇಳಿದ್ದಾರೆ. ಅದು ದೊಡ್ಡ ಗುಣ. ಆ ಗುಣದಿಂದಲೇ ಅವರಿಗೆ ನಷ್ಟವಾಯಿತು. ಒಳ್ಳೆಯ ಗುಣ ಇದ್ದರೆ ಬದುಕು ಮೇಲೆ ಬರುತ್ತದೆ ಅನ್ನುವ ಮೇಷ್ಟ್ರು ಇದಕ್ಕೆ ಏನು ಹೇಳುತ್ತಾರೆ?

ಕಾಗೋಡಿನ ಕಡೆಯವ:
ದೊಡ್ಡ ಗುಣವಾ? ಯಾರು ಯಾರ ಮನೆಯಲ್ಲಿ ಉಂಡದ್ದು? ಉತ್ತವನು ಅವನು, ನಟ್ಟಿ ಮಾಡಿದ್ದು ಅವನ ಹೆಂಡತಿ, ಭತ್ತ ಹೊತ್ತು ನಿಮ್ಮ ಅಂಗಳಕ್ಕೆ ತಂದದ್ದು ಅವನು. ಅನ್ನ ಹೋದದ್ದು ಅವನ ಮನೆಯಿಂದ ನಿಮ್ಮ ಮನೆಗೆ. ಹೆದರಿದವನ ಬಾಯಲ್ಲಿ ಬಂದ ಮಾತನ್ನು ಮೂರು ತಲೆಮಾರು ಆದಮೇಲೂ ಪ್ರಶಸ್ತಿ ಥರ ಎತ್ತಿ ತೋರಿಸಬೇಡಿ. ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಹಳೇಮನೆ ಜಗುಲಿ:
ಹೆದರಿದ್ದರು ಅಂತ ನಿಮಗೆ ಹೇಗೆ ಗೊತ್ತು? ಒಬ್ಬ ವಿಧವೆಗೆ ಹೆದರಬೇಕಾ?

ಕಾಗೋಡಿನ ಕಡೆಯವ:
ವಿಧವೆಯ ಹಿಂದೆ ಮೈದುನಂದಿರು ಇರುತ್ತಾರೆ. ಇರಲಿ, ಆ ಒಕ್ಕಲಿನ ಹೆಸರು ಪಹಣಿಯ 12ನೇ ಕಾಲಂನಲ್ಲಿ ಇತ್ತಾ ಇಲ್ಲವಾ? ಅದನ್ನು ಹೇಳಿ. ಸಾಗುವಳಿ ಮಾಡುವವರ ಹೆಸರು ಬರುವುದು ಅಲ್ಲಿ. ಹೆಸರೇ ಹತ್ತಿಸದೆ ಇಟ್ಟಿದ್ದರೆ ಅವನು ಅರ್ಜಿ ಹಾಕದ್ದು ಯಾಕೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಹೊಸನಗರದ ರೈತ:
ನೋಡಿ, ಈಗ ನೀವೇ ಕಾಲಂ, ದಾಖಲೆ ಅಂತ ಬಂದಿರಿ. ಮುಂಚೆ ಎಲ್ಲವೂ ತಲೆಯೊಳಗಿನದು ಅಂದವರು ನೀವೇ. ಹೆಸರು ಹತ್ತಿದ್ದರೆ ಧೈರ್ಯ ಬರುತ್ತದೆ, ಹತ್ತದಿದ್ದರೆ ಬರುವುದಿಲ್ಲ. ನಾನು ಹೇಳಿದ್ದೂ ಇಷ್ಟೇ.

ಕಾಗೋಡಿನ ಕಡೆಯವ:
ಹೆಸರು ಹತ್ತದೆಯೂ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಎದುರು ಸಾಕ್ಷಿ ತಂದು ನಿಲ್ಲಿಸಿ ಗೆದ್ದವರಿದ್ದಾರೆ. ಅವರಿಗೆ ಧೈರ್ಯ ಯಾವ ಕಾಲಂನಿಂದ ಬಂತು?

ಮಲೆನಾಡ ಸೊಸೆ:
ಇಷ್ಟು ಹೊತ್ತು ಎಲ್ಲರೂ ಅಜ್ಜಂದಿರ ಯೋಚನೆ ಮಾತ್ರ ತೂಗುತ್ತಿದ್ದೀರಿ. ನನ್ನ ಗಂಡನ ಮನೆಯ ಕಥೆ ಕೇಳಿ. ಡಿಕ್ಲರೇಷನ್ ಕೊಡಲೇಬೇಕು ಅಂತ ಹಟ ಹಿಡಿದವರು ಅವರ ಅಜ್ಜಿ. ಪಕ್ಕದ ಊರಿನವರು ಕೊಟ್ಟದ್ದನ್ನು ಸಂತೆಯಲ್ಲಿ ಕೇಳಿ ತಿಳಿದುಕೊಂಡಿದ್ದರು. ಯಾರ ಹತ್ತಿರ ಬರೆಸಬೇಕು, ಸಾಕ್ಷಿ ಯಾರು ಹೇಳುತ್ತಾರೆ, ಎಲ್ಲ ಯೋಚಿಸಿಟ್ಟಿದ್ದರು. ಗೇಣಿ ಇದ್ದದ್ದು ಅಜ್ಜನ ಹೆಸರಿನಲ್ಲಿ, ಹೆಬ್ಬೆಟ್ಟು ಒತ್ತಬೇಕಾದವರು ಅವರು. ಒತ್ತಲಿಲ್ಲ. ಸರಿಯಾದ ಯೋಚನೆ, ಗಟ್ಟಿ ಗುಣ, ಎರಡೂ ಆ ಹೆಂಗಸಿನಲ್ಲಿತ್ತು. ಕೊನೆಯವರೆಗೂ ಬೇರೆಯವರ ಗದ್ದೆಯಲ್ಲಿ ನಟ್ಟಿ ಮಾಡಿದರು. ಮೇಷ್ಟ್ರ ಸೂತ್ರದಲ್ಲಿ ಅವರನ್ನು ಎಲ್ಲಿ ಇಡುತ್ತೀರಿ?

ತುಂಗಾತೀರ:
‘ಗಟ್ಟಿ ಗುಣ’ ಅಂತ ನೀವೇ ಒಪ್ಪಿದಿರಿ. ಆ ಗುಣ ಅವರ ಮಕ್ಕಳಿಗೆ ಬಂದಿರುತ್ತದೆ, ಅವರು ಓದಿರುತ್ತಾರೆ, ನೀವು ಆ ಮನೆಗೆ ಸೊಸೆಯಾಗಿ ಬಂದಿದ್ದೀರಿ. ಫಲ ಅದೇ ತಲೆಮಾರಿನಲ್ಲಿ ಬರಬೇಕು ಅಂತ ನಾನು ಹೇಳಿಲ್ಲ.

ಮಲೆನಾಡ ಸೊಸೆ:
ಮಕ್ಕಳನ್ನು ಓದಿಸಿದ್ದು ನಿಜ. ಊರಿನಲ್ಲಿ ಸರ್ಕಾರಿ ಶಾಲೆ ಇತ್ತು, ಅದಕ್ಕೆ ಓದಿದರು. ಮತ್ತೆ, ಫಲ ಯಾವಾಗ ಬೇಕಾದರೂ ಬರಬಹುದು ಅಂದರೆ ನಿಮ್ಮ ಮಾತು ತಪ್ಪು ಅಂತ ತೋರಿಸುವುದಕ್ಕೆ ದಾರಿಯೇ ಇರುವುದಿಲ್ಲ.

ತುಂಗಾತೀರ:
ದಾರಿ ಇದೆ, ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ 65 ಸರ್ಕಾರಿ ಹೈಸ್ಕೂಲುಗಳಲ್ಲಿ 12,000ಕ್ಕೂ ಜಾಸ್ತಿ ಒಂಬತ್ತನೇ ತರಗತಿ ಮಕ್ಕಳಿಗೆ, ಕಂಪ್ಯೂಟರಿನಲ್ಲಿ ಒಂದು ಗಂಟೆಯೂ ಆಗದ ಪಾಠ. ಮಿದುಳು ಅಭ್ಯಾಸದಿಂದ ಬಲಿಯುತ್ತದೆ ಅಂತ ತಿಳಿಸುವುದು, ಅಷ್ಟೇ. ಹಿಂದೆ ಬಿದ್ದಿದ್ದ ಮಕ್ಕಳ ಅಂಕ ಮೇಲೆ ಬಂತು. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿದೆ. ಯೋಚನೆ ಒಂದನ್ನೇ ಮುಟ್ಟಿದರು, ಬೇರೆ ಏನನ್ನೂ ಬದಲಿಸಲಿಲ್ಲ.

ಮಲೆನಾಡ ಸೊಸೆ:
ಎಷ್ಟು ಮೇಲೆ ಬಂತು ಅನ್ನುವುದನ್ನು ಬಿಟ್ಟಿರಿ. ನಾಲ್ಕು ಅಂಕದ ಅಳತೆಯಲ್ಲಿ 0.1. ಅದೂ ಸಹಪಾಠಿಗಳು ಕಷ್ಟದ ಲೆಕ್ಕಕ್ಕೆ ಕೈಹಾಕುವ ವಾತಾವರಣ ಇದ್ದ ಶಾಲೆಗಳಲ್ಲಿ ಪರಿಣಾಮ ಚೆನ್ನಾಗಿತ್ತು, ಇಲ್ಲದ ಕಡೆ ಹಾಗೆ ಉಳಿಯಲಿಲ್ಲ ಅಂತ ಅದೇ ಲೇಖನದಲ್ಲಿದೆ.

ತುಂಗಾತೀರ:
ಒಂದು ಗಂಟೆಗೂ ಕಡಿಮೆ ಹೊತ್ತಿನಲ್ಲಿ 0.1 ಸಣ್ಣದಲ್ಲ. ಪಾಸು ಫೇಲಿನ ಗೆರೆ ಮೇಲೆ ನಿಂತ ಮಗುವಿಗೆ ಅದು ಎಷ್ಟು ದೊಡ್ಡದು ಅಂತ ಕ್ಲಾಸಿನಲ್ಲಿ ನಿಲ್ಲುವವನಿಗೆ ಗೊತ್ತು.

ಭದ್ರಾವತಿ ಹುಡುಗ:
ಕ್ಲಾಸಿನಲ್ಲಿ ನಿಲ್ಲುವವರಿಗೆ ಒಂದು ಪ್ರಶ್ನೆ. ‘ಲೆಕ್ಕ ಹತ್ತಲ್ಲ’ ಅನ್ನುವ ಆ ಹುಡುಗ ಯಾವ ಊರಿನಿಂದ ಬರುತ್ತಾನೆ, ಎಷ್ಟು ಗಂಟೆಯ ಬಸ್ಸಿಗೆ ಮನೆ ಬಿಡುತ್ತಾನೆ, ಹೈಸ್ಕೂಲಿನಲ್ಲಿ ಅವನಿಗೆ ಗಣಿತದ ಮೇಷ್ಟ್ರು ಇದ್ದರಾ ಅಂತ ಒಮ್ಮೆ ವಿಚಾರಿಸಿದ್ದೀರಾ?

ತುಂಗಾತೀರ:
ವಿಚಾರಿಸಿದ್ದೇನೆ. ಅದೇ ಬಸ್ಸಿನಲ್ಲಿ ಬಂದು ಮುಂದಿನ ಬೆಂಚಿನಲ್ಲಿ ಕೂರುವವಳೂ ಇದ್ದಾಳೆ. ಬಸ್ಸಿನ ಸಮಯ ಬದಲಿಸಲು ನನ್ನಿಂದಾಗದು. ತಪ್ಪಿದ ಲೆಕ್ಕವನ್ನು ಅವನ ಕೈಯಲ್ಲಿ ಮತ್ತೆ ಮಾಡಿಸುವುದು ನನ್ನ ಕೆಲಸ, ಅದನ್ನು ಪರಿಸ್ಥಿತಿಯ ಹೆಸರು ಹೇಳಿ ನಾನು ಬಿಡಲ್ಲ.

ಹೊಸನಗರದ ರೈತ:
ಮತ್ತೆ ಮಾಡಿಸಲು ನೀವಿದ್ದೀರಿ. ಅವನ ಪಾಲಿಗೆ ನೀವೇ ಪರಿಸ್ಥಿತಿ ಮೇಷ್ಟ್ರೇ.

ಕಾಗೋಡಿನ ಕಡೆಯವ:
ಹಳೇಮನೆಯವರೇ, 12ನೇ ಕಾಲಂ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಹಳೇಮನೆ ಜಗುಲಿ:
ತಾಲ್ಲೂಕು ಕಚೇರಿಯಲ್ಲಿ ಹಳೆಯ ಕೈಬರಹದ ಪಹಣಿಗೆ ಅರ್ಜಿ ಕೊಟ್ಟು ತೆಗೆಸುತ್ತೇನೆ, 1974ರ ಹಿಂದಿನದೂ ಸೇರಿಸಿ. ಹೆಸರು ಇದ್ದರೆ ಇಲ್ಲೇ ಹಾಕುತ್ತೇನೆ. ಆಗ ‘ಹೆದರಿದವನು’ ಅಂದ ಮಾತಿಗೆ ನೀವು ಉತ್ತರ ಕೊಡಬೇಕು.

ಕಾಗೋಡಿನ ಕಡೆಯವ:
ಹೆಸರು ಇಲ್ಲದಿದ್ದರೂ ಹಾಕಿ.