ಪ್ರಯೋಗಾಲಯದ ವೇಳೆ ಬದಲಿಸಲು ಯಾವ ಸಮಿತಿಯ ಬಾಗಿಲು ತಟ್ಟಬೇಕು?

ಮಂಡಗದ್ದೆಯ ಹುಡುಗಿ:
ಕಾಲೇಜೊಂದರಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ, ಹೆಸರು ಬೇಡ. ಬುಧವಾರ, ಗುರುವಾರ ಪ್ರಯೋಗಾಲಯ ಮುಗಿಯುವಾಗ ಐದೂಕಾಲು. ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿ ಮಂಡಗದ್ದೆಯಲ್ಲಿ ಇಳಿದ ಮೇಲೆ ಮನೆಗೆ ಇನ್ನೂ ಎರಡು ಮೈಲಿ ನಡಿಗೆ. ಪುನರ್ವಸು ಮಳೆ ಹಿಡಿದಾಗ ಕತ್ತಲಲ್ಲಿ ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತಾ ನಡೆಯುವ ಸುಖ ನಡೆದವರಿಗೇ ಗೊತ್ತು. ಅರ್ಧ ಗಂಟೆ ಮೊದಲು ಬಿಡಿ ಎಂದು 11 ಜನ ಸಹಿ ಮಾಡಿ ಅರ್ಜಿ ಕೊಟ್ಟೆವು. ‘ಸಮಿತಿಯಲ್ಲಿ ಇಡಬೇಕು’ ಎಂದರು. ಯಾವ ಸಮಿತಿ ಎಂದರೆ ಒಬ್ಬರು ಸಿಂಡಿಕೇಟ್ ಎನ್ನುತ್ತಾರೆ, ಇನ್ನೊಬ್ಬರು ಪರಿಷತ್ತು ಎನ್ನುತ್ತಾರೆ. ಎರಡು ತಿಂಗಳಾಯಿತು.

ಹೊಸನಗರದವನು:
ಸಿಂಡಿಕೇಟ್ ಸದಸ್ಯರೊಬ್ಬರ ಮನೆಗೆ ಹೋಗಿ ಹೇಳಿ. ಎಲ್ಲ ಕೆಲಸ ಆಗುವುದು ಹಾಗೆಯೇ.

ನಿವೃತ್ತ ಅಧೀಕ್ಷಕ:
ಹೋಗಬೇಡ ಮಗಳೇ. ಕಾಫಿ ಸಿಗುತ್ತದೆ, ವೇಳಾಪಟ್ಟಿ ಬದಲಾಗುವುದಿಲ್ಲ. ವಿಶ್ವವಿದ್ಯಾಲಯವೊಂದರ ಸಭಾ ಶಾಖೆಯಲ್ಲಿ 26 ವರ್ಷ ಕಡತ ಕಟ್ಟಿದವನು ಹೇಳುತ್ತಿದ್ದೇನೆ.

ಸಿಂಡಿಕೇಟ್ ಎಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರಂತೆ ಅದಕ್ಕೆ ಕುಲಪತಿಗಳೇ ಅಧ್ಯಕ್ಷರು. ಆಸ್ತಿ, ಹಣ, ನೇಮಕಾತಿ ಅದರ ಪಾಲು. ಪಠ್ಯಕ್ರಮ ಅಧ್ಯಯನ ಮಂಡಳಿಯಲ್ಲಿ ಹುಟ್ಟಿ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ವಾರಕ್ಕೆ ಎಷ್ಟು ತಾಸು ಪ್ರಯೋಗಾಲಯ ಎನ್ನುವುದು ಅಲ್ಲಿಯ ಮಾತು. ದಿನದ ಯಾವ ತಾಸು ಎನ್ನುವುದು ನಿಮ್ಮ ವಿಭಾಗದ, ಹೆಚ್ಚೆಂದರೆ ಪ್ರಾಂಶುಪಾಲರ ಕೈಯಲ್ಲಿದೆ. ಅದಕ್ಕೆ ಸಿಂಡಿಕೇಟ್ ತೋರಿಸುವುದೆಂದರೆ ಹಸು ಕಟ್ಟಲು ಆನೆಯ ಸರಪಳಿ ಹುಡುಕಿದಂತೆ.

ನಿನ್ನ ಅರ್ಜಿಗೆ ಆವಕ ಸಂಖ್ಯೆ, ಅಂದರೆ ಕಚೇರಿಗೆ ಬಂದ ಕಾಗದಕ್ಕೆ ದಾಖಲೆಯಲ್ಲಿ ಕೊಡುವ ಸಂಖ್ಯೆ, ಬಿದ್ದಿದೆಯೇ? ಬಿದ್ದಿಲ್ಲವಾದರೆ ಅದು ಅರ್ಜಿಯಲ್ಲ, ಬರೀ ಕಾಗದ. ಸಂಖ್ಯೆ ಹಾಕಿಸು, ನಿನ್ನ ಪ್ರತಿಯ ಮೇಲೆ ಮೊಹರು ಒತ್ತಿಸಿಕೋ. ಆಮೇಲೆ ಅಧ್ಯಾಪಕರ ಸಭೆಯ ಕಾರ್ಯಸೂಚಿಯಲ್ಲಿ ಅದೊಂದು ವಿಷಯವಾಗಿ ಅಚ್ಚಾಗಬೇಕು. ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು’ ಎಂಬ ಕೊನೆಯ ಸಾಲಿಗೆ ಬಿದ್ದರೆ ಮುಗಿಯಿತು. ಅಷ್ಟು ಹೊತ್ತಿಗೆ ಗೋಡಂಬಿ ತಟ್ಟೆ ಖಾಲಿ, ಎಲ್ಲರ ಕಣ್ಣು ಗಡಿಯಾರದ ಮೇಲೆ.

ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಕೇಳು. ‘ಆಗಲಿ’ ಎಂದು ಬಾಯಲ್ಲಿ ಹೇಳಿದ್ದನ್ನು ‘ಪರಿಶೀಲಿಸುವುದು’ ಎಂದು ನಾನೇ ಬರೆದಿದ್ದೇನೆ, ಒಂದಲ್ಲ ನೂರು ಸಲ. ಬರೆಸಿದವರು ಬೇರೆ, ಕೈ ನನ್ನದು. ಆ ಪದ ಕಂಡರೆ ನಿನ್ನ ಅರ್ಜಿ ನಿದ್ದೆಗೆ ಹೋಯಿತೆಂದು ತಿಳಿ.

ಸಾಗರದ ಸಂಶೋಧನಾರ್ಥಿ:
ನಡಾವಳಿ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, 150 ಪದ ಮೀರಬಾರದು, ಒಂದೇ ವಿಷಯ. ಉತ್ತರಕ್ಕೆ 30 ದಿನ. ಖಾಸಗಿ ಕಾಲೇಜಾದರೆ ಈ ದಾರಿ ಅಷ್ಟು ಸಲೀಸಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2023ರ ನಿಯಮಗಳಂತೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಯೂ ಇರಬೇಕು. ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ, ಇಂಥ ದೂರು ಕೇಳಲೆಂದೇ ವಿಶ್ವವಿದ್ಯಾಲಯ ನೇಮಿಸುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಆ ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿ ವಿಶೇಷ ಆಹ್ವಾನಿತರಾಗಿ ಕೂರುತ್ತಾರೆ. ನಿಮ್ಮಲ್ಲಿ ಅದು ಯಾರೆಂದು ಮೊದಲು ವಿಚಾರಿಸಿ.

ನಿವೃತ್ತ ಅಧೀಕ್ಷಕ:
ಇದು ಸರಿ. ಆದರೆ ಅರ್ಧ ಗಂಟೆಯ ಮಾತಿಗೆ ಮೊದಲೇ ಅಲ್ಲಿಗೆ ಓಡಬೇಡ. ಪ್ರಯೋಗಾಲಯದ ಸಹಾಯಕರನ್ನು ಒಮ್ಮೆ ಕೇಳು. ಬೀಗದ ಕೈ ಅವರ ಬಳಿ ಇರುತ್ತದೆ. ಅವರಿಗೂ ಬಸ್ಸು ಇರುತ್ತದೆ.

ಮಂಡಗದ್ದೆಯ ಹುಡುಗಿ:
ಆವಕ ಸಂಖ್ಯೆ ಬಿದ್ದಿರಲಿಲ್ಲ ಸರ್. ಇವತ್ತು ಹಾಕಿಸಿದೆ. ಮೊಹರು ಒತ್ತುತ್ತಾ ಗುಮಾಸ್ತರು ಕೇಳಿದರು: ‘ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು?’ ಸಹಾಯಕರು ರಿಪ್ಪನ್‌ಪೇಟೆಯವರಂತೆ. ಹನ್ನೆರಡನೆಯ ಸಹಿ ಅವರದ್ದು.